ನಿದ್ದೆಗೆಟ್ಟ ಬೆಟ್ಟದ ಊರುಗಳು

ಆನೆ ಕಾವಲು, ರಾತ್ರಿ ಮೋಟಾರು, ಘಾಟಿಯ ಲಾರಿ, ರೈಲು ಹಳಿಯ ಗಸ್ತು... ಸಕಲೇಶಪುರ–ಆಲೂರು ಸೀಮೆಯಲ್ಲಿ ರಾತ್ರಿ ಎಚ್ಚರವಿರುವವರ ಸಂಖ್ಯೆ ಕಡಿಮೆಯೇನಲ್ಲ. ಆದರೆ ತಲೆಬುರುಡೆಯೊಳಗಿನ ಪುಟ್ಟ ಗಡಿಯಾರವೊಂದು ಈ ಎಚ್ಚರವನ್ನು ಸುಲಭಕ್ಕೆ ಒಪ್ಪುವುದಿಲ್ಲ. ಯಾಕೆ?

ನವೆಂಬರ್ ತಿಂಗಳು. ಭತ್ತ ತೆನೆದೂಗಿ ಹಳದಿಗೆ ತಿರುಗುವ ಹೊತ್ತು. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಕಡೆಗೋ, ಸಕಲೇಶಪುರ ತಾಲ್ಲೂಕಿನ ಯಸಳೂರು, ಹೆತ್ತೂರು ಕಡೆಗೋ ರಾತ್ರಿ ಹೋದರೆ ಗದ್ದೆಬಯಲಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಬೆಂಕಿ ಕಾಣುತ್ತದೆ. ಮರದ ಮೇಲಿನ ಅಟ್ಟಣೆಯಲ್ಲಿ ಕಂಬಳಿ ಹೊದ್ದು ಕುಳಿತವರು ಆನೆ ಕಾಯುವವರು. ಪಕ್ಕದಲ್ಲಿ ಟಾರ್ಚು, ಬಡಿಯಲು ಖಾಲಿ ಡಬ್ಬ, ನಾಲ್ಕಾರು ಪಟಾಕಿ, ಫ್ಲಾಸ್ಕಿನಲ್ಲಿ ಕಾಫಿ. ವರ್ಷವಿಡೀ ಉಣ್ಣುವ ಅನ್ನ ಒಂದೇ ರಾತ್ರಿಯಲ್ಲಿ ಆನೆಯ ಕಾಲಡಿಗೆ ಹೋದೀತೆಂಬ ಭಯ ಅವರನ್ನು ಅಲ್ಲಿ ಕೂರಿಸಿದೆ.

ಹನ್ನೆರಡರವರೆಗೆ ಮಾತು ನಡೆಯುತ್ತದೆ. ಊರ ಸುದ್ದಿ, ಕಾಫಿ ಬೆಲೆ, ಮಗಳ ಮದುವೆ ಎಲ್ಲವೂ ಬರುತ್ತವೆ. ಎರಡರ ನಂತರ ಮಾತು ಕಡಿಮೆಯಾಗುತ್ತದೆ. ಮೂರೂವರೆಯ ಹೊತ್ತಿಗೆ ಒಬ್ಬ ಕೇಳುತ್ತಾನೆ: "ಅಣ್ಣಾ, ಮಲಗಿಬಿಟ್ಯಾ?" ಉತ್ತರ ಬರುತ್ತದೆ: "ಇಲ್ಲ ಕಣೋ, ಎಚ್ಚರವಾಗೇ ಇದೀನಿ." ಆದರೆ ಆ ಮಾತಿನ ಅರ್ಧ ಗೊರಕೆಯಲ್ಲೇ ಮುಳುಗಿರುತ್ತದೆ.

ಇನ್ನೊಂದು ವಿಚಿತ್ರವೂ ಉಂಟು. ಅದೇ ಮನುಷ್ಯ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು, ಕಿಟಕಿ ಮುಚ್ಚಿ ಚಾಪೆಯ ಮೇಲೆ ಉರುಳಿದರೆ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಹತ್ತಿದರೂ ಹನ್ನೊಂದಕ್ಕೆಲ್ಲ ಎಚ್ಚರ. ರಾತ್ರಿ ಬೇಡವೆಂದರೂ ಬರುವ ನಿದ್ದೆ, ಬೆಳಿಗ್ಗೆ ಬೇಕೆಂದರೂ ಬಾರದು! ದಣಿವೊಂದೇ ನಿದ್ದೆಗೆ ಕಾರಣವಾಗಿದ್ದರೆ ಹೀಗಾಗಬಾರದಿತ್ತು. ಮನುಷ್ಯನೊಳಗೆ ಬೇರೇನೋ ಇದೆ. ಅದು ಹೊತ್ತನ್ನು ಎಣಿಸುತ್ತಿದೆ.

ನಾಚಿಕೆ ಮುಳ್ಳು ಹೇಳಿದ ಗುಟ್ಟು

ಮಲೆನಾಡಿನ ರಸ್ತೆಯ ಬದಿಯಲ್ಲೆಲ್ಲ ಹಬ್ಬಿರುವ ನಾಚಿಕೆ ಮುಳ್ಳನ್ನು ಮುಟ್ಟಿ ಆಡದ ಮಕ್ಕಳಿಲ್ಲ. ಮುಟ್ಟದಿದ್ದರೂ ಅದು ಸಂಜೆಗೆ ಎಲೆ ಮಡಚುತ್ತದೆ, ಬೆಳಿಗ್ಗೆ ಬಿಚ್ಚುತ್ತದೆ. ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೇರಾನ್ 1729ರಲ್ಲಿ ಇಂಥದೇ ಗಿಡವನ್ನು ಕತ್ತಲ ಜಾಗದಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಗಿಡ ಹಗಲಿನ ಹೊತ್ತಿಗೆ ಎಲೆ ಬಿಚ್ಚಿ ರಾತ್ರಿಯ ಹೊತ್ತಿಗೆ ಮಡಚಿತು. ಹೊರಗಿನ ಸೂರ್ಯನನ್ನು ನೋಡದೆಯೇ ಹೊತ್ತು ತಿಳಿಯುವ ಶಕ್ತಿ ಜೀವಿಯೊಳಗೇ ಇದೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಅದು.

ಕೋಳಿ ಕೂಗಿದ್ದರಿಂದ ಬೆಳಗಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಬೆಳಗಾದದ್ದರಿಂದ ಕೋಳಿ ಕೂಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಹುಂಜಗಳನ್ನು ಸದಾ ಮಂದ ಬೆಳಕಿರುವ ಕೋಣೆಯಲ್ಲಿಟ್ಟರು. ಬೆಳಗಿನ ಸುಳಿವೇ ಇಲ್ಲದ ಆ ಕೋಣೆಯಲ್ಲೂ ಹುಂಜಗಳು ಬೆಳಗಿನ ಹೊತ್ತಿಗೇ ಕೂಗಿದವು. ಅವುಗಳ ಒಳಗಡಿಯಾರ ಎಬ್ಬಿಸುತ್ತಿತ್ತು.

ಈ ವಿದ್ಯೆಯಲ್ಲಿ ನಮ್ಮವರ ಪಾಲೂ ದೊಡ್ಡದು. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಜೈವಿಕ ಗಡಿಯಾರದ ಅಧ್ಯಯನಕ್ಕೆ ಬುನಾದಿ ಹಾಕಿದವರು ಪ್ರೊ. ಎಂ.ಕೆ. ಚಂದ್ರಶೇಖರನ್. ಅವರೂ ಅವರ ಶಿಷ್ಯರೂ ಗುಹೆಯ ಗಾಢಾಂಧಕಾರದಲ್ಲಿ ಬಾವಲಿಗಳನ್ನು ಪಂಜರದಲ್ಲಿಟ್ಟು ಗಮನಿಸಿದರು. ಸಂಜೆ ಹೊರಗೆ ಹಾರಿ ಬೆಳಗಿನ ಜಾವ ಮರಳುವ ಸ್ವತಂತ್ರ ಬಾವಲಿಗಳ ಸಂಗಡವಿದ್ದಾಗ ಪಂಜರದ ಬಾವಲಿಗಳೂ ಅದೇ ಹೊತ್ತಿಗೆ ಚಟುವಟಿಕೆ ತೋರಿಸುತ್ತಿದ್ದವು. ನೆಂಟರ ಓಡಾಟವೇ ಅವುಗಳಿಗೆ ಗಂಟೆ ಬಾರಿಸುತ್ತಿತ್ತು! ಈ ಫಲಿತಾಂಶ 1981ರಲ್ಲಿ ಪ್ರಕಟವಾಯಿತು.

ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಬಾಳೆಹಣ್ಣಿನ ಮೇಲೆ ಮುತ್ತುವ ಚಿಕ್ಕ ಹಣ್ಣುನೊಣವನ್ನು ಎಲ್ಲರೂ ನೋಡಿದ್ದಾರೆ. 600 ತಲೆಮಾರುಗಳ ಕಾಲ ಹಗಲು–ರಾತ್ರಿಯ ಭೇದವನ್ನೇ ಕಾಣದೆ, ಸದಾ ಬೆಳಕಿನಲ್ಲೇ ಬೆಳೆದ ನೊಣಗಳ ವಂಶವೊಂದನ್ನು ಈ ಕೇಂದ್ರದಲ್ಲಿ ಪರೀಕ್ಷಿಸಿದರು. ಕತ್ತಲಿಗೆ ಇಟ್ಟೊಡನೆ ಆ ನೊಣಗಳು ಗೂಡಿನಿಂದ ಹೊರಬರುವ ಕ್ರಿಯೆ ಸರಿಸುಮಾರು ದಿನದ ಲಯದಲ್ಲೇ ನಡೆಯಿತು. ಚಂದ್ರಶೇಖರನ್, ವಿಜಯಕುಮಾರ್ ಶರ್ಮ, ಅಮಿತಾಭ್ ಜೋಶಿ, ಷೀಬಾ ವಾಸು ಇವರು 1999ರಲ್ಲಿ ಪ್ರಕಟಿಸಿದ ಈ ಶೋಧ ಜಗತ್ತಿನ ಗಮನ ಸೆಳೆಯಿತು. 600 ತಲೆಮಾರು ಬಳಸದೆ ಇಟ್ಟರೂ ತುಕ್ಕು ಹಿಡಿಯದ ಗಡಿಯಾರವನ್ನು ಹದಿನೈದು ರಾತ್ರಿಯ ಕಾವಲಿನಿಂದ ಬದಲಾಯಿಸಲು ಸಾಧ್ಯವೇ?

ಅಕ್ಕಿಕಾಳಿಗಿಂತ ಚಿಕ್ಕದು

ಮನುಷ್ಯನಲ್ಲಿ ಈ ಗಡಿಯಾರ ಇರುವುದೆಲ್ಲಿ? ಎರಡು ಕಣ್ಣುಗಳಿಂದ ಬರುವ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಜಾಗವೊಂದಿದೆ. ಅದರ ಮೇಲ್ಭಾಗದಲ್ಲೇ, ಹೈಪೋಥಲಾಮಸ್ ಎಂಬ ಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ನರಕೋಶಗಳ ಗುಂಪಿದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂಬ ಉದ್ದ ಹೆಸರಿನ ಇದರ ಗಾತ್ರ ಅಕ್ಕಿಕಾಳಿಗಿಂತ ಚಿಕ್ಕದು. ಎರಡೂ ಸೇರಿ ಸುಮಾರು 20,000 ನರಕೋಶಗಳು. 1972ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ಇನ್ನೊಂದಕ್ಕೆ ತಿಳಿಯದಂತೆ, ಇಲಿಗಳಲ್ಲಿ ಈ ಭಾಗವನ್ನು ಕೆಡಿಸಿ ನೋಡಿದವು. ಇಲಿಗಳ ದಿನಚರಿಯೇ ಚದುರಿಹೋಯಿತು.

ಅನುಮಾನ ಪೂರ್ತಿ ಹೋದದ್ದು 1990ರಲ್ಲಿ. ಮಾರ್ಟಿನ್ ರಾಲ್ಫ್, ಮೈಕೆಲ್ ಮೆನಕರ್ ಮತ್ತು ಸಂಗಡಿಗರಿಗೆ 20 ಗಂಟೆಗೇ ಒಂದು ದಿನ ಮುಗಿಸುವ ವಿಶೇಷ ಹ್ಯಾಮ್‌ಸ್ಟರ್ ಸಿಕ್ಕಿತ್ತು. ಅದು ಇಲಿಯ ಜಾತಿಗೆ ಹತ್ತಿರದ ಪ್ರಾಣಿ. ಅದರ ಮಿದುಳಿನ ಈ ಚೂರನ್ನು ತೆಗೆದು, ಗಡಿಯಾರ ಕಳೆದುಕೊಂಡ ಮಾಮೂಲಿ ಹ್ಯಾಮ್‌ಸ್ಟರಿಗೆ ಕಸಿ ಮಾಡಿದರು. ಕಸಿ ಹಿಡಿದ ಪ್ರಾಣಿ 20 ಗಂಟೆಯ ದಿನವನ್ನೇ ಬಾಳತೊಡಗಿತು. ಗಡಿಯಾರ ಯಾರದೋ ಹೊತ್ತೂ ಅವರದೇ!

ಕೋಶವೊಂದು ಹೊತ್ತು ಎಣಿಸುವುದು ಹೇಗೆ? ಮೇಲಿನ ತೊಟ್ಟಿಗೆ ನೀರೆತ್ತುವ ಮೋಟಾರನ್ನು ನೆನೆಸಿಕೊಳ್ಳಿ. ತೊಟ್ಟಿ ತುಂಬಿದರೆ ತೇಲುವ ಚೆಂಡು ಮೇಲೇರಿ ಸ್ವಿಚ್ಚು ತಾನಾಗಿ ಆರುತ್ತದೆ. ನೀರು ಖರ್ಚಾಗಿ ತಳ ಕಂಡಾಗ ಮೋಟಾರು ಮತ್ತೆ ಶುರು. ಕೋಶದೊಳಗೂ ಹಾಗೆಯೇ. ಪೀರಿಯಡ್ ಎಂಬ ಜೀನ್ ಒಂದು ಪ್ರೋಟೀನನ್ನು ಮಾಡಿಸುತ್ತದೆ. ಪ್ರೋಟೀನು ತುಂಬಿದಾಗ ಅದು ತನ್ನನ್ನು ಮಾಡಿದ ಜೀನನ್ನೇ ಸುಮ್ಮನಾಗಿಸುತ್ತದೆ. ಪ್ರೋಟೀನು ಕರಗಿದ ಮೇಲೆ ಜೀನ್ ಮತ್ತೆ ಕೆಲಸಕ್ಕಿಳಿಯುತ್ತದೆ. ಒಂದು ಸುತ್ತಿಗೆ ಸುಮಾರು 24 ಗಂಟೆ. 1971ರಲ್ಲಿ ಕೊನೋಪ್ಕ ಮತ್ತು ಬೆಂಜರ್ ಹಣ್ಣುನೊಣದಲ್ಲಿ ಈ ಜೀನಿನ ಜಾಡು ಹಿಡಿದರು. ಅದರ ಒಳಗುಟ್ಟು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು.

ಆದರೆ ಮನುಷ್ಯನ ಗಡಿಯಾರ ಸರಿಯಾಗಿ 24 ಗಂಟೆಯದಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 1999ರಲ್ಲಿ ಅಳೆದಾಗ ಅದು ಸರಾಸರಿ 24 ಗಂಟೆ 11 ನಿಮಿಷ ಎಂದು ತಿಳಿಯಿತು. ಅಂದರೆ ದಿನಕ್ಕೆ ಹನ್ನೊಂದು ನಿಮಿಷ ಹಿಂದೆ ಬೀಳುವ ಗಡಿಯಾರ! ಅದಕ್ಕೆ ದಿನವೂ ಕೀಲಿ ಕೊಟ್ಟು ಸರಿಮಾಡುವುದು ಬೆಳಗಿನ ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ವಸ್ತುಗಳನ್ನು ತೋರಿಸುವ ಕೋಶಗಳಲ್ಲದೆ, ಬೆಳಕು ಎಷ್ಟಿದೆ ಎಂದು ಗಡಿಯಾರಕ್ಕೆ ವರದಿ ಮಾಡುವ ಬೇರೆಯೇ ಕೋಶಗಳಿವೆ ಎಂಬುದು 2002ರಲ್ಲಿ ಖಚಿತವಾಯಿತು. ನೀಲಿ ಬೆಳಕಿಗೆ ಇವು ಬೇಗ ಮಣಿಯುತ್ತವೆ. ಮೊಬೈಲಿನ ಪರದೆಯಲ್ಲಿ ನೀಲಿಯ ಅಂಶ ಧಾರಾಳವಾಗಿರುವುದನ್ನು ಇಲ್ಲಿ ನೆನಪಿಡಬೇಕು.

ಕತ್ತಲಾದ ಮೇಲೆ ಗಡಿಯಾರದ ಅಪ್ಪಣೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಮೈಗೆಲ್ಲ 'ರಾತ್ರಿಯಾಯಿತು' ಎಂದು ಸಾರುವ ಡಂಗುರ. ಬೆಳಗಿನ ಜಾವಕ್ಕೆ ಮೈಯ ಉಷ್ಣತೆ ದಿನದಲ್ಲೇ ಅತಿ ಕಡಿಮೆಗೆ ಇಳಿಯುತ್ತದೆ. ಏಳುವುದಕ್ಕೆ ಮೊದಲೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರತೊಡಗಿ ಮೈಯನ್ನು ಹಗಲಿಗೆ ಅಣಿಮಾಡುತ್ತದೆ.

ಸಕಲೇಶಪುರದವರಿಗೆ ಇಲ್ಲೊಂದು ಚಿಕ್ಕ ಲೆಕ್ಕವಿದೆ. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ಸಕಲೇಶಪುರ ಇರುವುದು ಸುಮಾರು 75.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಇಲ್ಲಿನ ಸೂರ್ಯ ಗೋಡೆಯ ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದೆ. ಅಲಾರಂ ಐದು ಗಂಟೆಗೆ ಬಡಿದರೆ ಮಿದುಳಿನ ಪಾಲಿಗೆ ಅದು ನಾಲ್ಕೂವರೆ! ಸೂರ್ಯನಿಗೆ ಕೀಲಿ ಕೊಟ್ಟವರು ಯಾರೂ ಇಲ್ಲವಷ್ಟೆ.

ತೂಗುಹಲಗೆಯ ಎರಡು ತುದಿ

ಗಡಿಯಾರ ಹೊತ್ತು ಹೇಳುತ್ತದೆ, ಸರಿ. ನಿದ್ದೆ–ಎಚ್ಚರಗಳನ್ನು ನಡೆಸುವವರು ಯಾರು? ಇದರ ಸುಳಿವು ಸಿಕ್ಕಿದ್ದು ಒಂದು ಭೀಕರ ಕಾಯಿಲೆಯಿಂದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನಲ್ಲಿ ಮಿದುಳಿನ ಜ್ವರವೊಂದು ಹರಡಿತು. ಕೆಲವರು ವಾರಗಟ್ಟಲೆ ಮಲಗೇ ಇದ್ದರು. ಮತ್ತೆ ಕೆಲವರಿಗೆ ನಿದ್ದೆಯೇ ಬಾರದು. ವಿಯೆನ್ನಾದ ವೈದ್ಯ ವಾನ್ ಇಕಾನಮೋ ಸತ್ತವರ ಮಿದುಳನ್ನು ಪರೀಕ್ಷಿಸಿದ. ಸದಾ ಮಲಗಿದ್ದವರಲ್ಲಿ ಹೈಪೋಥಲಾಮಸ್ಸಿನ ಹಿಂಭಾಗ ಕೆಟ್ಟಿತ್ತು. ನಿದ್ದೆ ಬಾರದವರಲ್ಲಿ ಮುಂಭಾಗ ಕೆಟ್ಟಿತ್ತು. ಮುಂದೆ ನಿದ್ದೆಯ ಕೇಂದ್ರ, ಹಿಂದೆ ಎಚ್ಚರದ ಕೇಂದ್ರ ಎಂದು ಆತ ತರ್ಕಿಸಿದ. ಮುಂದಿನ ಸಂಶೋಧನೆಗಳು ಅದನ್ನು ಎತ್ತಿ ಹಿಡಿದವು.

ಈಗ ತಿಳಿದಿರುವಂತೆ ಮಿದುಳುಕಾಂಡ ಮತ್ತು ಹೈಪೋಥಲಾಮಸ್ಸಿನ ಕೆಲವು ಕೋಶಗಳ ಗುಂಪುಗಳು ಮೇಲಿನ ಮಿದುಳನ್ನು ಸದಾ ತಟ್ಟಿ ಎಬ್ಬಿಸುತ್ತಿರುತ್ತವೆ. ಹೈಪೋಥಲಾಮಸ್ಸಿನ ಮುಂಭಾಗದ ಇನ್ನೊಂದು ಗುಂಪು ಇವನ್ನೆಲ್ಲ ಅದುಮಿ ಮಲಗಿಸುತ್ತದೆ. ಎರಡೂ ಒಂದನ್ನೊಂದು ಅದುಮುವುದರಿಂದ ಮಕ್ಕಳು ಆಡುವ ತೂಗುಹಲಗೆಯಂತೆ ಒಂದು ತುದಿ ಮೇಲಿದ್ದರೆ ಇನ್ನೊಂದು ಕೆಳಗೆ. ನಡುವೆ ಹೆಚ್ಚು ಹೊತ್ತು ನಿಲ್ಲಲಾಗದು. ಅದಕ್ಕೇ ನಿದ್ದೆ 'ಬರುವುದಿಲ್ಲ', 'ಬೀಳುತ್ತದೆ'. ಹಲಗೆ ಸುಮ್ಮಸುಮ್ಮನೆ ವಾಲದಂತೆ ಎಚ್ಚರದ ತುದಿಯನ್ನು ಒತ್ತಿ ಹಿಡಿಯುವ ರಾಸಾಯನಿಕವೊಂದು 1998ರಲ್ಲಿ ಪತ್ತೆಯಾಯಿತು. ಅದರ ಹೆಸರು ಒರೆಕ್ಸಿನ್. ಅದನ್ನು ಮಾಡುವ ಕೋಶಗಳು ನಾಶವಾದವರು ಮಾತಾಡುತ್ತಲೇ, ಊಟ ಮಾಡುತ್ತಲೇ ನಿದ್ದೆಗೆ ಜಾರುತ್ತಾರೆ. ಅಂಥವರನ್ನು ಸೋಮಾರಿಗಳೆಂದು ಬೈಯುವುದು ತಪ್ಪು. ನಾರ್ಕೊಲೆಪ್ಸಿ ಎಂಬ ಈ ಕಾಯಿಲೆಗೆ ಚಿಕಿತ್ಸೆಯಿದೆ.

ನಿದ್ದೆಯೂ ಒಂದೇ ತೆರನಾದುದಲ್ಲ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ ಮೇಲೆ ಇದನ್ನು ಅಳೆಯಲು ಸಾಧ್ಯವಾಯಿತು. 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ನಿದ್ದೆಯನ್ನು ಕಂಡುಹಿಡಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಸುಮಾರು 90 ನಿಮಿಷಕ್ಕೊಂದು ಸುತ್ತು, ರಾತ್ರಿಗೆ ನಾಲ್ಕೈದು ಸುತ್ತು. ಗಾಢನಿದ್ದೆ ಮೊದಲ ಸುತ್ತುಗಳಲ್ಲಿ ಹೆಚ್ಚು, ಕನಸಿನ ನಿದ್ದೆ ಬೆಳಗಿನ ಜಾವ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲೂ ನಿದ್ದೆಯನ್ನೇ ಅಳೆಯುವ ಪ್ರಯೋಗಾಲಯವಿದೆ.

ನಿದ್ದೆಯ ಸಾಲ, ಕಾಫಿಯ ಜಾಮೀನು

ಗಡಿಯಾರದ ಜತೆಗೆ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ. ಅದು ಸಾಲದ ಲೆಕ್ಕ. ಎಚ್ಚರವಿದ್ದಷ್ಟು ಹೊತ್ತೂ ಮಿದುಳು ಶಕ್ತಿ ಖರ್ಚು ಮಾಡುತ್ತದೆ. ಆಗ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಅದು ಹೆಚ್ಚಿದಂತೆ ಎಚ್ಚರದ ಕೋಶಗಳು ಮಂಕಾಗುತ್ತವೆ. ಮಲಗಿದರೆ ಸಾಲ ತೀರುತ್ತದೆ. ಎಚ್ಚರವಿಟ್ಟ ಬೆಕ್ಕುಗಳ ಮಿದುಳಿನಲ್ಲಿ ಅಡಿನೋಸಿನ್ ಏರುವುದನ್ನು 1997ರಲ್ಲಿ ಅಳೆದು ತೋರಿಸಿದರು. ಸಾಲ ಮತ್ತು ಗಡಿಯಾರ, ಇವೆರಡರ ಕೂಡು ಲೆಕ್ಕವೇ ನಿದ್ದೆ ಎಂದು ಸ್ವಿಟ್ಸರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದ ಸಿದ್ಧಾಂತ ಇಂದಿಗೂ ನಿಂತಿದೆ.

ಅಟ್ಟಣೆಯ ಎರಡೂ ಒಗಟುಗಳು ಇಲ್ಲಿ ಬಿಡಿಸಿಕೊಳ್ಳುತ್ತವೆ. ರಾತ್ರಿ ಮೂರಕ್ಕೆ ಸಾಲವೂ ಬೆಟ್ಟದಷ್ಟಾಗಿದೆ, ಗಡಿಯಾರವೂ 'ಮಲಗು' ಎನ್ನುತ್ತಿದೆ. ಎರಡೂ ಸೇರಿ ರೆಪ್ಪೆ ಎಳೆಯುತ್ತವೆ. ಬೆಳಿಗ್ಗೆ ಏಳಕ್ಕೆ ಸಾಲ ಇನ್ನೂ ಹೆಚ್ಚಿದೆ, ಆದರೆ ಗಡಿಯಾರ 'ಏಳು' ಎನ್ನುತ್ತಿದೆ. ದಾರಿಯಲ್ಲಿ ಕಂಡ ಬಿಸಿಲು ಅದಕ್ಕೆ ಸಾಕ್ಷಿ ನುಡಿದಿದೆ. ರಾತ್ರಿಪಾಳಿಯವರು ಹಗಲು ಮಲಗಿದರೂ ಐದಾರು ಗಂಟೆಗೇ ಎಚ್ಚರವಾಗುವುದು ಇದರಿಂದಲೇ.

ಈ ಸಾಲಕ್ಕೆ ತಾತ್ಕಾಲಿಕ ಜಾಮೀನು ನಿಲ್ಲುವುದು ಈ ಬೆಟ್ಟಗಳಲ್ಲೇ ಬೆಳೆಯುವ ಕಾಫಿ. ಕಾಫಿ ಬೀಜದಿಂದ ಕೆಫೀನನ್ನು 1819ರಲ್ಲಿ ಬೇರ್ಪಡಿಸಿದವನು ಜರ್ಮನಿಯ ರುಂಗೆ. ಅದಕ್ಕೆ ಬೀಜ ಕೊಟ್ಟು ಹುರಿದುಂಬಿಸಿದವನು ಮಹಾಕವಿ ಗಯಟೆ! ಕೆಫೀನಿನ ಆಕಾರ ಅಡಿನೋಸಿನ್ನಿಗೆ ಹೋಲುತ್ತದೆ. ಅಡಿನೋಸಿನ್ ಕೂರಬೇಕಾದ ಪೀಠದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ಸಾಲ ತೀರಲಿಲ್ಲ, ಸಾಲಗಾರ ಬಾಗಿಲು ತಟ್ಟಿದ್ದು ಕೇಳಿಸಲಿಲ್ಲ, ಅಷ್ಟೆ. ಕೆಫೀನ್ ಇಳಿದಾಗ ಅವನು ಬಡ್ಡಿಸಮೇತ ಒಳಗೆ ಬರುತ್ತಾನೆ.

ಒಣಬೀಜದ ತೂಕದಲ್ಲಿ ಅರೇಬಿಕಾದಲ್ಲಿ ಸುಮಾರು ಶೇ 1.2, ರೊಬಸ್ಟಾದಲ್ಲಿ ಸುಮಾರು ಶೇ 2.2ರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಆರರ ಕಾಫಿಯ ಕೆಫೀನಿನ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. 'ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತೆ' ಎನ್ನುವವರಿಗೂ ಗಾಢನಿದ್ದೆ ಕಡಿಮೆಯಾಗುವ ಸಾಧ್ಯತೆಯಿದೆ.

ಮೂರರಿಂದ ಆರು: ಗಂಡಾಂತರದ ಹೊತ್ತು

ಇಷ್ಟೆಲ್ಲ ಏಕೆ ಮುಖ್ಯ? ನಿದ್ದೆಗೆಟ್ಟ ಮಿದುಳು ತಾನು ನಿದ್ದೆಗೆಟ್ಟಿದ್ದೇನೆಂದು ಒಪ್ಪುವುದಿಲ್ಲ. ಕಣ್ಣು ತೆರೆದಿದ್ದಂತೆಯೇ ಮೂರು ನಾಲ್ಕು ಸೆಕೆಂಡು ಅದು ಆರಿಹೋಗುತ್ತದೆ. ಮೂರು ಸೆಕೆಂಡಿನಲ್ಲಿ ಗಂಟೆಗೆ 60 ಕಿ.ಮೀ. ಓಡುವ ಲಾರಿ 50 ಮೀಟರು ಹೋಗುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಶಿರಾಡಿ ಘಾಟಿಯಲ್ಲಿ 50 ಮೀಟರಿನೊಳಗೆ ಒಂದು ತಿರುವು ಬಂದುಬಿಟ್ಟಿರುತ್ತದೆ. ನಿದ್ದೆಗಣ್ಣಿನ ಅಪಘಾತಗಳು ಬೆಳಗಿನ ಜಾವ ಎರಡರಿಂದ ಆರರ ನಡುವೆ ಅತಿ ಹೆಚ್ಚು, ಮಧ್ಯಾಹ್ನ ಊಟದ ನಂತರ ಇನ್ನೊಂದು ಚಿಕ್ಕ ಏರಿಕೆ ಎಂದು ಹಲವು ದೇಶಗಳ ಲೆಕ್ಕಗಳು ಹೇಳುತ್ತವೆ.

ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ನಡೆಸಿದ ಹೋಲಿಕೆ ಕಣ್ಣು ತೆರೆಸುವಂಥದು. ಎಡೆಬಿಡದೆ 17 ಗಂಟೆ ಎಚ್ಚರವಿದ್ದವನ ಕೈಚಳಕ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರವಿರುವವನ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30 ಮಿ.ಗ್ರಾಂ. ಕುಡಿಯದೆಯೇ ಕುಡಿದವನಂತಾಗುವ ಚಾಲಕನನ್ನು ಹಿಡಿಯುವ ಯಂತ್ರ ಪೊಲೀಸರ ಬಳಿ ಇಲ್ಲ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ರೈಲು ಘಾಟಿಯಲ್ಲಿ 57 ಸುರಂಗಗಳಿವೆ. ಮಳೆಗಾಲದ ರಾತ್ರಿ ಇಲ್ಲಿ ಗಸ್ತು ತಿರುಗುವ ಹಳಿ ಕೆಲಸಗಾರರ ಕಣ್ಣೇ ರೈಲಿನ ಕಣ್ಣು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ದಿನಗಟ್ಟಲೆ ರೈಲು ನಿಂತದ್ದು ನೆನಪಿರಬಹುದು. ಅಂಥ ಜಾಗದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿರುವುದು ಬರೀ ಕರ್ತವ್ಯನಿಷ್ಠೆಯ ಮಾತಲ್ಲ, ಮಿದುಳಿನ ವಿರುದ್ಧದ ಈಜು. ಕಾಫಿ ತೋಟಕ್ಕೆ ಬೇಸಿಗೆಯಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಯಿಸುವವರದೂ ಇದೇ ಪಾಡು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಪೈಪು ಬದಲಿಸಬೇಕು. ಒದ್ದೆ ಕೈ, ಕತ್ತಲು, ಸ್ಟಾರ್ಟರು, ತೂಕಡಿಕೆ... ಇವು ಒಟ್ಟಿಗೆ ಸೇರಬಾರದ ನಾಲ್ಕು.

ಆನೆಗೂ ನಿದ್ದೆಯುಂಟು

ಕಾಯುವವರ ಮಾತಾಯಿತು. ಕಾಯಿಸುವವರ ಕಥೆ? 2017ರಲ್ಲಿ ಆಫ್ರಿಕದ ಬೋಟ್ಸ್‌ವಾನಾದಲ್ಲಿ ಎರಡು ಕಾಡಾನೆಗಳ ಸೊಂಡಿಲಿಗೆ ಪುಟ್ಟ ಯಂತ್ರ ಅಳವಡಿಸಿ 35 ದಿನ ಅಳೆದರು. ಅವು ಮಲಗಿದ್ದು ದಿನಕ್ಕೆ ಸರಾಸರಿ ಎರಡೇ ಗಂಟೆ, ಅದೂ ಬಹುಪಾಲು ಬೆಳಗಿನ ಜಾವಕ್ಕೆ ಮುಂಚೆ! ಅಪಾಯ ಕಂಡಾಗ 46 ಗಂಟೆ ನಿದ್ದೆಯಿಲ್ಲದೆ ನಡೆದದ್ದೂ ಉಂಟು. ದೊಡ್ಡ ಹೊಟ್ಟೆ ತುಂಬಿಸಲು ದಿನದ ಬಹುಪಾಲು ಮೇಯಲೇಬೇಕಾದ ಪ್ರಾಣಿ ಅದು. ನಮ್ಮ ಏಷ್ಯಾದ ಆನೆ ಮೃಗಾಲಯದ ನೆಮ್ಮದಿಯಲ್ಲಿ ನಾಲ್ಕರಿಂದ ಆರು ಗಂಟೆ ಮಲಗುತ್ತದೆ. ಎಚ್ಚರದ ಪೈಪೋಟಿಯಲ್ಲಿ ಮನುಷ್ಯ ಆನೆಯನ್ನು ಗೆಲ್ಲಲಾರ.

ಇನ್ನೂ ಒಂದು ಸಂಗತಿ. ಜಗತ್ತಿನ 62 ಜಾತಿಯ ಸ್ತನಿಗಳ ಕುರಿತ 76 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಲೆಕ್ಕದಂತೆ, ಮನುಷ್ಯನ ಕಾಟವಿರುವ ಕಡೆ ಪ್ರಾಣಿಗಳ ರಾತ್ರಿ ಓಡಾಟ ಸುಮಾರು 1.36 ಪಟ್ಟು ಹೆಚ್ಚುತ್ತದೆ. ಆಲೂರು–ಸಕಲೇಶಪುರದಲ್ಲಿ ಕಾಡು ಚೂರುಚೂರಾಗಿ ನಡುವೆ ತೋಟ, ಗದ್ದೆ, ಊರು ಹರಡಿವೆ. ಹಗಲು ಗದ್ದಲ ತಪ್ಪಿಸಿಕೊಂಡು ತೋಟದ ನೆರಳಿನಲ್ಲಿ ನಿಲ್ಲುವ ಆನೆಗಳು ರಾತ್ರಿ ಗದ್ದೆಗಿಳಿಯುತ್ತವೆ. ಹೈಕೋರ್ಟು ನೇಮಿಸಿದ, ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ನಂತರ ಈ ಸೀಮೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ತೀರಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಪ್ರಾಣ ಬಿಟ್ಟ.

ಬೆಳಕು ಹರಿಯುವ ಹೊತ್ತಿಗೆ ಆನೆಗಳು ಮರಳುತ್ತವೆ. ಅದೇ ಹೊತ್ತಿಗೆ ಲೈನ್ ಮನೆಯಿಂದ ಕೂಲಿಯವರು ತೋಟಕ್ಕೆ, ಹಾಲು ಹಾಕುವವರು ಡೇರಿಗೆ, ಕಾವಲಿನವರು ಮನೆಗೆ ಹೊರಡುತ್ತಾರೆ. ಮಂಜು ಬೇರೆ. ಎದ್ದ ಮೊದಲ ಕಾಲು ಅರ್ಧ ಗಂಟೆ ಮಿದುಳು ಪೂರ್ತಿ ಚುರುಕಾಗಿರುವುದಿಲ್ಲ ಎಂಬುದೂ ನಿದ್ದೆಯ ವಿಜ್ಞಾನದ ಪಾಠ. ಆನೆಯ ವಾಪಸಾತಿ, ಮನುಷ್ಯನ ಮಂಪರು, ಬೆಟ್ಟದ ಮಂಜು ಮೂರೂ ಒಂದೇ ದಾರಿಯಲ್ಲಿ ಎದುರಾಗುವ ಹೊತ್ತು ಅದು. ಆನೆ ಎಲ್ಲಿದೆ ಎಂದು ಮೊಬೈಲ್ ಸಂದೇಶ, ಕರೆ, ಮಿನುಗುವ ದೀಪಗಳಿಂದ ತಿಳಿಸುವ ವ್ಯವಸ್ಥೆ ಈ ಭಾಗದಲ್ಲಿ ಬಂದಿದೆ. ಅದರ ಒಂದು ಉಪಕಾರ ಎಲ್ಲರ ಗಮನಕ್ಕೆ ಬಂದಂತಿಲ್ಲ. ಆನೆ ಇಲ್ಲದ ರಾತ್ರಿ ಊರಿಗೆ ಊರೇ ಮಲಗಬಹುದು!

ಮಕ್ಕಳ ಗಡಿಯಾರ ಬೇರೆ

ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಾಲ್ಕಕ್ಕೆ ಎಬ್ಬಿಸಿ ಓದಲು ಕೂರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಹದಿಹರೆಯದಲ್ಲಿ ಗಡಿಯಾರ ತಾನಾಗಿ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ಹನ್ನೊಂದರವರೆಗೆ ನಿದ್ದೆ ಬಾರದು, ಬೆಳಿಗ್ಗೆ ಏಳಲಾಗದು. ಅದು ಮೊಂಡುತನವಲ್ಲ, ವಯಸ್ಸಿನ ಧರ್ಮ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಓದಿದ್ದು ಮಿದುಳಿನಲ್ಲಿ ನೆಲೆ ನಿಲ್ಲುವುದೂ ನಿದ್ದೆಯಲ್ಲೇ. ನಿದ್ದೆ ಕದ್ದು ಓದಿದವನು ಬಿತ್ತಿದ್ದನ್ನು ಮುಚ್ಚದೆ ಬಂದ ರೈತನಂತೆ. ಬೇಗ ಎಬ್ಬಿಸಲೇಬೇಕೆಂದರೆ ಬೇಗ ಮಲಗಿಸಬೇಕು, ಮೊಬೈಲನ್ನು ಬೇರೆ ಕೋಣೆಯಲ್ಲಿಡಬೇಕು. ಮನೆಯ ಅಜ್ಜ ನಾಲ್ಕಕ್ಕೇ ಎದ್ದು ಕೆಮ್ಮುತ್ತ ಓಡಾಡುವುದು ಇದಕ್ಕೆ ತದ್ವಿರುದ್ಧ. ವಯಸ್ಸಾದಂತೆ ಗಡಿಯಾರ ಮುಂದಕ್ಕೆ ಸರಿಯುತ್ತದೆ, ಗಾಢನಿದ್ದೆ ಕರಗುತ್ತದೆ. ಅಜ್ಜನ ಗಡಿಯಾರದಿಂದ ಮೊಮ್ಮಗನನ್ನು ಎಬ್ಬಿಸಬಾರದು.

ರಾತ್ರಿ ಕಾಯುವವರಿಗೆ ಕೆಲವು ಕಿವಿಮಾತು

* ಒಬ್ಬರೇ ಇಡೀ ರಾತ್ರಿ ಕೂರಬೇಡಿ. ಪಾಳಿ ಹಂಚಿಕೊಳ್ಳಿ. ಬೇಗ ಮಲಗಿ ಬೇಗ ಏಳುವ ಸ್ವಭಾವದವರಿಗೆ ಬೆಳಗಿನ ಜಾವ, ತಡವಾಗಿ ಮಲಗುವ ಹುಡುಗರಿಗೆ ಮೊದಲ ಜಾವ.
* ಕಾವಲಿಗೆ ಮುಂಚೆ, ಮಧ್ಯಾಹ್ನವೇ ಒಂದೂವರೆ ಗಂಟೆ ಮಲಗಿ ಸಾಲ ಇಳಿಸಿಕೊಳ್ಳಿ.
* ಕಾಫಿಯನ್ನು ರಾತ್ರಿಯ ಮೊದಲ ಭಾಗದಲ್ಲಿ ಕುಡಿಯಿರಿ, ಎರಡರ ನಂತರ ಬೇಡ. ಚಾಲಕರಿಗೆ ತೂಕಡಿಕೆ ಬಂದರೆ ಬಂಡಿ ಬದಿಗೆ ನಿಲ್ಲಿಸಿ, ಕಾಫಿ ಕುಡಿದು, ಒಡನೆ 20 ನಿಮಿಷ ಕಣ್ಣು ಮುಚ್ಚುವುದು ಒಳ್ಳೆಯದು. ಎದ್ದಾಗ ನಿದ್ದೆಯೂ ಆಗಿರುತ್ತದೆ, ಕೆಫೀನೂ ಏರಿರುತ್ತದೆ.
* ಮನೆಗೆ ಮರಳಿ ಮಲಗುವ ಕೋಣೆಗೆ ದಟ್ಟ ಪರದೆಯೋ ಕಂಬಳಿಯೋ ಕಟ್ಟಿ ಕತ್ತಲಾಗಿಸಿ. ಮನೆಯವರು ಟಿ.ವಿ. ಸದ್ದು ಕಡಿಮೆ ಮಾಡಬೇಕು.
* ರಾತ್ರಿ ಪಾಳಿ ಇಲ್ಲದವರು ಬೆಳಿಗ್ಗೆ ಅಂಗಳಕ್ಕೆ ಬನ್ನಿ. ಮೋಡ ಕವಿದ ಆಷಾಢದ ಹಗಲಿನಲ್ಲೂ ಹೊರಗಿನ ಬೆಳಕು ಮನೆಯ ಬಲ್ಬಿಗಿಂತ ಹತ್ತಾರು ಪಟ್ಟು ಹೆಚ್ಚು.
* ನಿದ್ದೆ ತರಿಸಲು ಮದ್ಯ ಬೇಡ. ಅದು ಬೇಗ ಮಲಗಿಸಿ, ನಡುರಾತ್ರಿ ಎಬ್ಬಿಸುತ್ತದೆ.
* ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ, ಹಗಲು ವಿಪರೀತ ತೂಕಡಿಕೆಯಿದ್ದರೆ ವೈದ್ಯರಿಗೆ ತೋರಿಸಿ.

ಇವೆಲ್ಲ ವ್ಯಕ್ತಿ ತಾನು ಮಾಡಿಕೊಳ್ಳಬಹುದಾದವು. ಪಂಪುಸೆಟ್ಟಿಗೆ ಹಗಲು ಕರೆಂಟು, ತೋಟದ ಕೆಲಸ ಬೆಳಕು ಹರಿದ ಮೇಲೆ ಶುರು, ರಾತ್ರಿ ಪಾಳಿಯವರಿಗೆ ಬೇಕಾದಷ್ಟು ಬಿಡುವು, ಇವು ಊರು ಮತ್ತು ಸರ್ಕಾರ ಮಾಡಬೇಕಾದವು. ದೀರ್ಘಕಾಲದ ರಾತ್ರಿ ಪಾಳಿ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಸಂಶೋಧನಾ ಸಂಸ್ಥೆ 2007ರಲ್ಲೇ ಹೇಳಿದೆ, 2019ರಲ್ಲಿ ಮತ್ತೆ ಹೇಳಿದೆ. ಬೆಳೆ ಹಾನಿಗೆ ಪರಿಹಾರದ ಅರ್ಜಿ ನಮೂನೆಯಿದೆ. ಕಳೆದುಹೋದ ನಿದ್ದೆಗೆ ಯಾವ ನಮೂನೆಯೂ ಇಲ್ಲ.

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂದರು ಹಿರಿಯರು. ಗದ್ದೆಯ ಅಂಚಿನಲ್ಲಿ ಕುಳಿತವನಿಗೆ ಸಂತೆಯೂ ಇಲ್ಲ, ಸದ್ದೂ ಇಲ್ಲ, ಚಿಂತೆ ಮಾತ್ರ ಇದೆ. ಪೂರ್ವದಲ್ಲಿ ಬೆಳ್ಳಗಾಗುತ್ತದೆ. ಎಲ್ಲೋ ಹುಂಜ ಕೂಗುತ್ತದೆ. ಗದ್ದೆಯ ಬದುವಿನಲ್ಲಿ ನಾಚಿಕೆ ಮುಳ್ಳು ಎಲೆ ಬಿಚ್ಚುತ್ತದೆ. ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಆತ ಮನೆಯ ಕಡೆ ಹೆಜ್ಜೆ ಹಾಕುತ್ತಾನೆ. ಭತ್ತ ಉಳಿದಿದೆ. ಆ ರಾತ್ರಿಯ ಸಾಲ ಮಾತ್ರ ಅವನ ಹೆಸರಿನಲ್ಲೇ ಇದೆ.